ಮಾಜಿ ಸೈನಿಕರ ರುದ್ರಭೂಮಿಗೆ ಪಂಚಾಯಿತಿ ನೆರವು: ಅರ್ಜಿ ಯಾರ ಹೆಸರಲ್ಲಿರಬೇಕು?

ಸಕಲೇಶಪುರ ಕಡೆಯ ಮಾಜಿ ಸೈನಿಕರ ಸಂಘದವರು ನೀವು. ತೀರಿಕೊಂಡ ಸೈನಿಕರಿಗೆಂದೇ ಒಂದು ರುದ್ರಭೂಮಿ ಬೇಕೆಂದು ಗೋಮಾಳದಲ್ಲಿ, ಅಂದರೆ ದನ ಮೇಯಲು ಬಿಟ್ಟ ಸರ್ಕಾರಿ ಜಾಗದಲ್ಲಿ, ಎರಡು ಎಕರೆ ಕೇಳಿ ಅರ್ಜಿ ಹಾಕಿದ್ದೀರಿ. ಫೈಲು ತಾಲ್ಲೂಕು ಕಚೇರಿಯಲ್ಲೇ ಕೂತಿದೆ, ಪಂಚಾಯಿತಿಯಿಂದ ಏನಾದರೂ ಸಹಾಯ ಸಿಗುತ್ತದಾ ಎಂದು ಕೇಳಿದ್ದೀರಿ.

ಸಿಗುತ್ತದೆ. ಆದರೆ ಅರ್ಜಿ ಸಂಘದ ಹೆಸರಲ್ಲಿದ್ದರೆ ಮೊದಲು ಅದನ್ನು ಬದಲಿಸಿ. ಸಂಘಕ್ಕೆ ಜಮೀನು ಮಂಜೂರು ಮಾಡಿ ಎಂದು ಕೇಳುವುದು ಬೇರೆ, ಜಮೀನನ್ನು ಸಾರ್ವಜನಿಕ ಸ್ಮಶಾನಕ್ಕೆ ಕಾಯ್ದಿರಿಸಿ ಎಂದು ಕೇಳುವುದು ಬೇರೆ. ಗ್ರಾಮದ ಸಾಮೂಹಿಕ ಜಾಗ ಖಾಸಗಿಯವರ ಪಾಲಾಗಬಾರದೆಂದು 2011ರಲ್ಲಿ ಸುಪ್ರೀಂ ಕೋರ್ಟ್ ಜಗ್‌ಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿದ ಮೇಲೆ, ಗೋಮಾಳವನ್ನು ಯಾವುದೇ ಸಂಘದ ಹೆಸರಿಗೆ ಬರೆಯಲು ಅಧಿಕಾರಿಗಳು ಹಿಂಜರಿಯುತ್ತಾರೆ. ಆದರೆ ಕರ್ನಾಟಕ ಭೂಕಂದಾಯ ಕಾಯ್ದೆ 1964ರ 71ನೇ ಕಲಂ ಪ್ರಕಾರ ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸುವುದು ಜಿಲ್ಲಾಧಿಕಾರಿಗಳ ಅಧಿಕಾರದಲ್ಲೇ ಇದೆ. ಜಾಗ ಸರ್ಕಾರದ್ದಾಗಿಯೇ ಉಳಿಯುತ್ತದೆ, ನಿರ್ವಹಣೆ ಪಂಚಾಯಿತಿಗೆ, ಒಳಗೆ ಒಂದು ಭಾಗ ಮಾಜಿ ಸೈನಿಕರಿಗೆ. ಈ ರೂಪದಲ್ಲಿ ಕೇಳಿದರೆ ಮಾತ್ರ ಸರ್ಕಾರಿ ದುಡ್ಡೂ ಅದರ ಮೇಲೆ ಬೀಳಲು ಸಾಧ್ಯ.

ಅಮೆರಿಕದಲ್ಲಿ ಮಾಜಿ ಸೈನಿಕರ ಸ್ಮಶಾನವನ್ನು ಕೇಂದ್ರವೇ ಕಟ್ಟಿಕೊಡುತ್ತದಲ್ಲ ಎಂದೂ ಬರೆದಿದ್ದೀರಿ. 1978ರಿಂದ ಅಲ್ಲಿ ರಾಜ್ಯಗಳಿಗೆ ಅನುದಾನ ಇದೆ ನಿಜ. ಆದರೆ ಅಲ್ಲೂ ಜಾಗವನ್ನು ರಾಜ್ಯವೇ ಹೊಂದಿಸಬೇಕು, ಜಾಗ ಕೊಳ್ಳಲು ಅನುದಾನ ಬರುವುದಿಲ್ಲ. ಎಲ್ಲಿ ಹೋದರೂ ತೊಡಕು ಜಾಗದ್ದೇ.

ಈಗ ಗೋಮಾಳದ ಲೆಕ್ಕ. ಭೂಕಂದಾಯ ನಿಯಮಗಳ 97ನೇ ನಿಯಮದಂತೆ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 30 ಎಕರೆ ಗೋಮಾಳ ಉಳಿಯಬೇಕು. ಊರಲ್ಲಿ 200 ದನ ಇದ್ದು ಗೋಮಾಳ 45 ಎಕರೆ ಮಾತ್ರ ಇದ್ದರೆ ಗ್ರಾಮ ಆಡಳಿತಾಧಿಕಾರಿ 'ಗೋಮಾಳ ಕೊರತೆ ಇದೆ' ಎಂದು ಬರೆಯುತ್ತಾರೆ, ಕಡತ ಅಲ್ಲಿಗೆ ನಿಂತಿತು. ಆ ಪ್ರಮಾಣವನ್ನು ತಗ್ಗಿಸುವ ಅಧಿಕಾರ ಜಿಲ್ಲಾಧಿಕಾರಿಗಿದ್ದರೂ ಅದನ್ನು ನಂಬಿ ಕೂರಬೇಡಿ. ನನ್ನ ಪ್ರಕಾರ ಸುಲಭದ ದಾರಿ ಬೇರೆ: ಆಕಾರ್‌ಬಂದ್‌ನಲ್ಲಿ (ಸರ್ವೆ ನಂಬರುಗಳ ವಿಸ್ತೀರ್ಣದ ದಾಖಲೆ) ಈಗಾಗಲೇ ಸ್ಮಶಾನವೆಂದು ದಾಖಲಾದ ಜಾಗ ಅಥವಾ ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಗಲ್ಲದ ಜಾಗ) ಹುಡುಕಿ. ದಾಖಲೆಯಲ್ಲಿ ಒಂದೂವರೆ ಎಕರೆ ಸ್ಮಶಾನ, ಸ್ಥಳದಲ್ಲಿ ಅರ್ಧ ಎಕರೆ, ಮಿಕ್ಕಿದ್ದು ಪಕ್ಕದ ತೋಟದ ಬೇಲಿಯೊಳಗೆ. ಇದು ಎಷ್ಟೋ ಊರಿನ ಕತೆ. ಸರ್ವೆ ಮಾಡಿಸಿ ಹದ್ದುಬಸ್ತು ಹಾಕಿಸಿ, ಅಂದರೆ ಗಡಿ ಗುರುತಿಸಿ, ಒತ್ತುವರಿ ತೆರವಾದರೆ ಹೊಸ ಜಾಗದ ಮಾತೇ ಬೇಡ.

ಯಾವ ಜಾಗವಾದರೂ ಅರ್ಜಿಗೆ ಮುಂಚೆ ಮೂರು ಕಡೆ ವಿಚಾರಿಸಿ. ಪಹಣಿಯ 9ನೇ ಕಾಲಂ (ಮಾಲೀಕರ ಹೆಸರು) ಮತ್ತು 11ನೇ ಕಾಲಂ (ಇತರ ಹಕ್ಕು, ಋಣ) ನೋಡಿ. ಆ ಸರ್ವೆ ನಂಬರಿನ ಮೇಲೆ ಬಗರ್ ಹುಕುಂ ಅರ್ಜಿ, ಅಂದರೆ ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿ ಸಕ್ರಮ ಮಾಡಿ ಎಂದು ಕೇಳುವ ನಮೂನೆ 50, 53, 57 ಬಾಕಿ ಇದೆಯಾ ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳಿ. ಇದ್ದರೆ ಅದು ಇತ್ಯರ್ಥವಾಗುವವರೆಗೆ ನಿಮ್ಮದು ಅಲುಗುವುದಿಲ್ಲ. ಮೂರನೆಯದು ಅರಣ್ಯ. ಸಕಲೇಶಪುರ, ಮೂಡಿಗೆರೆ, ಕೊಪ್ಪ ಸೀಮೆಯಲ್ಲಿ ಪಹಣಿ 'ಸರ್ಕಾರಿ' ಎಂದರೂ ಅದೇ ಜಾಗ ಅರಣ್ಯ ಕಾಯ್ದೆಯ ಕಲಂ 4ರ ಅಧಿಸೂಚನೆಯಲ್ಲೋ (ಮೀಸಲು ಅರಣ್ಯ ಮಾಡುವ ಮೊದಲ ಪ್ರಕಟಣೆ) ಡೀಮ್ಡ್ ಫಾರೆಸ್ಟ್ (ಅರಣ್ಯವೆಂದೇ ಪರಿಗಣಿಸಿದ ಜಾಗ) ಪಟ್ಟಿಯಲ್ಲೋ ಇರಬಹುದು. ಕಂದಾಯ ಮತ್ತು ಅರಣ್ಯ ಇಲಾಖೆಯ ಜಂಟಿ ಸರ್ವೆ ಆಗದೆ ಒಂದು ಗುದ್ದಲಿಯೂ ಹಾಕಬೇಡಿ.

ಜಾಗ ಖಚಿತವಾದ ಮೇಲೆ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ. ನಿರ್ಣಯದಲ್ಲಿ ಸರ್ವೆ ನಂಬರ್, ವಿಸ್ತೀರ್ಣ ಗುಂಟೆಯಲ್ಲಿ, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಮೂರೂ ಇರಲಿ. 'ಸೂಕ್ತ ಜಾಗ ನೀಡಲು ಕೋರಲಾಗಿದೆ' ಎಂಬ ಒಂದು ಸಾಲಿನ ನಿರ್ಣಯದಿಂದ ಏನೂ ಆಗದು. ಕೋರಂ ಇಲ್ಲದ ಸಭೆಯದ್ದಾದರೆ ತಕರಾರು ಮಾಡುವವನಿಗೆ ಹಬ್ಬ. ಅದರ ಪ್ರತಿ ಪಿಡಿಒ ಮೂಲಕ ತಹಶೀಲ್ದಾರರಿಗೆ, ಅಲ್ಲಿಂದ ಸಕಲೇಶಪುರ ಉಪವಿಭಾಗಾಧಿಕಾರಿಗೆ, ಕೊನೆಗೆ ಜಿಲ್ಲಾಧಿಕಾರಿಗೆ. ಒಂದು ಪ್ರತಿ ಹಾಸನದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಕಚೇರಿಗೂ ಕೊಡಿ. ಜಿಲ್ಲಾ ಸೈನಿಕ ಮಂಡಳಿಗೆ ಅಧ್ಯಕ್ಷರು ಜಿಲ್ಲಾಧಿಕಾರಿಗಳೇ ಆದ್ದರಿಂದ ಆ ಸಭೆಯ ನಡಾವಳಿಯಲ್ಲಿ ವಿಷಯ ಬಂದರೆ ಕಡತಕ್ಕೆ ಕಾಲು ಬರುತ್ತದೆ.

ದುಡ್ಡಿಗೆ ಒಂದೇ ಕಡೆ ನೆಚ್ಚಬೇಡಿ. ಹಣಕಾಸು ಆಯೋಗದ ಅನುದಾನದಲ್ಲಿ ಇಂಥದ್ದಕ್ಕೇ ಎಂದು ನಿಗದಿಯಾಗದ ಮುಕ್ತ ಭಾಗ, ಉದ್ಯೋಗ ಖಾತ್ರಿ, ಶಾಸಕರ ಮತ್ತು ಸಂಸದರ ನಿಧಿ ಇವನ್ನು ಕಾಂಪೌಂಡ್, ರಸ್ತೆ, ಶೆಡ್ ಎಂದು ಹಂಚಿ ಕೇಳಿ. ಎಸ್ಟಿಮೇಟ್‌ನಲ್ಲಿ 'ಸ್ಮಶಾನ ಅಭಿವೃದ್ಧಿ' ಎಂದೇ ಬರೆಸಿ. 'ಸ್ಮಾರಕ' ಎಂಬ ಪದ ಹೊಕ್ಕರೆ ಬೇಡದ ಪ್ರಶ್ನೆಗಳು ಶುರು. ಹೆಸರು ಕೆತ್ತಿದ ಕಲ್ಲನ್ನು ಸಂಘದ ದುಡ್ಡಲ್ಲಿ ನಿಲ್ಲಿಸಿ. ಹೊಯ್ಸಳರ ನಾಡಲ್ಲಿ ಅಮೃತಶಿಲೆ ಯಾಕೆ, ವೀರಗಲ್ಲೇ ಚೆಂದ. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲೂ 75 ಅಡಿಯ ವೀರಗಲ್ಲೇ ಇರುವುದು. ಹೊಸದು ಕಡೆಸಿ, ಹೊಲದ ಬದುವಿನಲ್ಲಿರುವ ಹಳೆಯ ಕಲ್ಲನ್ನು ಮಾತ್ರ ಕಿತ್ತು ತರಬೇಡಿ.

ಎರಡು ಎಕರೆ ಬೇಕೇ? ಲೆಕ್ಕ ಹಾಕಿ. ಅರ್ಧ ಎಕರೆ, ಅಂದರೆ 20 ಗುಂಟೆ, 21,780 ಚದರಡಿ. ರಸ್ತೆ, ಶೆಡ್, ಮರಕ್ಕೆ ಶೇ 40 ಬಿಟ್ಟರೆ ಸುಮಾರು 13,000 ಉಳಿಯುತ್ತದೆ. 8×4 ಅಡಿ ಗುಂಡಿಗೆ ಅಂತರ ಸೇರಿ 60 ಚದರಡಿ ಹಿಡಿದರೂ 215ರಷ್ಟು ಸಮಾಧಿ. ನಮ್ಮಲ್ಲಿ ಹೂಳುವವರೂ ಇದ್ದಾರೆ, ಸುಡುವವರೂ ಇದ್ದಾರೆ, ಎರಡಕ್ಕೂ ಅರ್ಧ ಎಕರೆ ಸಾಕು. ಚಿಕ್ಕದು ಕೇಳಿದರೆ ಸಿಗುವ ಸಾಧ್ಯತೆ ಜಾಸ್ತಿ.

ಮಲೆನಾಡಿನಲ್ಲಿ ಕೆಡುವುದು ನೀರಿನಿಂದ. ತಗ್ಗಿನ ಜಾಗವಾದರೆ ಆಷಾಢದಲ್ಲಿ ಮೂರಡಿ ತೋಡುವಷ್ಟರಲ್ಲೇ ಗುಂಡಿಗೆ ನೀರು ಬರುತ್ತದೆ. ಆದ್ದರಿಂದ ಜಾಗವನ್ನು ಮಳೆಗಾಲದಲ್ಲೇ ಹೋಗಿ ನೋಡಿ, ಮೇಲ್ಗಡೆ ಅಡ್ಡ ಚರಂಡಿ ತೋಡಿಸಿ. ಚಿತೆಯ ಶೆಡ್‌ಗೆ ತಗ್ಗಿನ ಆರ್‌ಸಿಸಿ ಛಾವಣಿ ಹಾಕಿಸಬೇಡಿ, ಬಿಸಿಗೆ ಕಾಂಕ್ರೀಟ್ ಸಿಡಿದು ಕಂಬಿ ಹೊರಬರುತ್ತದೆ. ಎತ್ತರದ ಶೀಟಿನ ಮಾಡು, ಇರಚಲು ಹೊಡೆಯುವ ಪಶ್ಚಿಮಕ್ಕೆ ಸೂರು ಉದ್ದ. ದಾರಿ ಕನಿಷ್ಠ 12 ಅಡಿ ಇರಲಿ, ಲಾರಿ ತಿರುಗಬೇಕು. ಗೌರವ ಸಲ್ಲಿಸುವವರು ಸಾಲಾಗಿ ನಿಲ್ಲಲು 30×20 ಅಡಿಯ ಸಮತಟ್ಟು ಜಾಗ ಬಿಡಿ. ಇದನ್ನು ನಕ್ಷೆಯಲ್ಲಿ ಮೊದಲೇ ತೋರಿಸದಿದ್ದರೆ ಇಂಜಿನಿಯರ್ ಅಲ್ಲೇ ನೀರಿನ ತೊಟ್ಟಿ ಕಟ್ಟಿಸುತ್ತಾರೆ.

ಸರ್ವೆ ನಂಬರಿನ 11ನೇ ಕಾಲಂನಲ್ಲಿ ಏನು ನಮೂದಾಗಿದೆ ಎಂದು ಇಲ್ಲೇ ಬರೆಯಿರಿ, ಮುಂದಿನ ಅರ್ಜಿ ಹೇಗಿರಬೇಕೆಂದು ಹೇಳುತ್ತೇನೆ.