ಕೇರ್‌ವೊಖೆ ಬೋರ್ಡ್ ನಿಮ್ಮ ಬಾಗಿಲಿಗೂ ಬಂತಾ?

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಮನೆ ಸಿಕ್ಕ ಬೆನ್ನಲ್ಲೇ ಯಾರೋ ನಿಮ್ಮ ಬಾಗಿಲಿಗೆ ‘ಕೇರ್‌ವೊಖೆ’ ಅನ್ನೋ ಬೋರ್ಡ್ ನೇತುಹಾಕಿ ಹೋಗಿದ್ದಾರೆ. ಡಿಕ್ಷನರಿಯಲ್ಲಿ ‘ಕೇರೆನ್’ ಅಂದರೆ ತಿರುಗು, ‘ವೊಖೆ’ ಅಂದರೆ ವಾರ. ಹಾಗಾದರೆ ಇದು ಸರದಿ ವಾರವಾ, ಯಾವುದರ ಸರದಿ ಅಂತ ಕೇಳಿದ್ದೀರಿ.

ಗುಡಿಸುವ ಸರದಿ. ಜರ್ಮನ್‌ನಲ್ಲಿ ಎರಡು ‘ಕೇರೆನ್’ ಇವೆ. ಕೇಳೋಕೆ ಒಂದೇ, ಹುಟ್ಟು ಬೇರೆ. ವಾಪಸಾಗುವುದಕ್ಕೆ ಹೇಳುವ ‘ರ್ಯುಕ್‌ಕೇರ್’ ಬಂದಿರುವುದು ‘ತಿರುಗು’ ಅನ್ನೋದರಿಂದ. ನಿಮ್ಮ ಬೋರ್ಡಿನದು ‘ಗುಡಿಸು’ ಅನ್ನೋ ಇನ್ನೊಂದು. ದಕ್ಷಿಣ ಜರ್ಮನಿಯಲ್ಲಿ ಇದರ ಬಳಕೆ ಜಾಸ್ತಿ, ಉತ್ತರದವರು ‘ಫೇಗೆನ್’ ಅಂತಾರೆ. ಬವೇರಿಯಾದಲ್ಲಿ ಹೊಗೆಗೂಡು ಗುಡಿಸುವವರ ಹೆಸರು ‘ಕಮೀನ್‌ಕೇರರ್’.

ಆದರೂ ನಿಮ್ಮ ಊಹೆ ಪೂರ್ತಿ ತಪ್ಪಲ್ಲ. ‘ವೊಖೆ’ಯ ಹಳೆಯ ಬೇರಿಗೆ ಬದಲಾವಣೆ, ಸರದಿ ಅನ್ನೋ ಅರ್ಥವೇ ಇತ್ತು ಅಂತ ಭಾಷಾ ಪಂಡಿತರು ಹೇಳುತ್ತಾರೆ. ಬದಲಾವಣೆಗೆ ಇವತ್ತೂ ಹೇಳುವ ‘ವೆಕ್ಸೆಲ್’ ಅದರ ಸಂಬಂಧಿ. ಅಂದರೆ ನೀವು ಹುಡುಕಿದ ಸರದಿ, ಈ ಪದದ ಎರಡನೇ ತುಂಡಿನಲ್ಲಿ ಕೂತಿದೆ! ಈ ಪದ ನನಗೆ ತುಂಬ ಇಷ್ಟವಾಗೋದು ಅದಕ್ಕೇ.

ಪದ್ಧತಿಯ ಬೇರೂ ಹಳೆಯದು. ಪ್ರತಿ ಮನೆಯವರೂ ವಾರಕ್ಕೊಮ್ಮೆ ತಮ್ಮ ಕಸ, ಸಗಣಿ ಹೊರಗೆ ಸಾಗಿಸಬೇಕು ಅಂತ 1492ರ ಸ್ಟುಟ್‌ಗಾರ್ಟ್ ಊರ ಕಾನೂನಿನಲ್ಲೇ ಇತ್ತು. 1714ರಲ್ಲಿ ಡ್ಯೂಕ್ ಎಬರ್‌ಹಾರ್ಡ್ ಲುಡ್‌ವಿಗ್ ಬೀದಿ ಗುಡಿಸೋಕೆ ಬೇರೆ ಆಜ್ಞೆಯನ್ನೇ ಹೊರಡಿಸಿದ. ವಾರವಾರ ಗುಡಿಸಲೇಬೇಕು ಅನ್ನೋ ನಿಯಮವನ್ನು 1988ರಲ್ಲಿ ನಗರಾಡಳಿತ ಕೈಬಿಟ್ಟಿತು. ಆದರೆ ಬಾಡಿಗೆ ಅಗ್ರಿಮೆಂಟ್‌ಗಳಲ್ಲಿ ಅದು ಉಳಿದುಕೊಂಡಿದೆ. ನಿಮ್ಮದರಲ್ಲಿ ಏನು ಬರೆದಿದೆ ಅಂತ ಮೊದಲು ನೋಡಿ.

‘ಕ್ಲೈನೆ’, ಅಂದರೆ ಚಿಕ್ಕದು, ಅಂತಿದ್ದರೆ ನಿಮ್ಮ ಮಹಡಿಯ ಮೆಟ್ಟಿಲು ಮತ್ತು ಬಾಗಿಲ ಮುಂದಿನ ಜಾಗ. ‘ಗ್ರೋಸೆ’, ಅಂದರೆ ದೊಡ್ಡದು, ಅಂತಿದ್ದರೆ ಫುಟ್‌ಪಾತ್, ಅಂಗಳ, ಎಷ್ಟೋ ಕಡೆ ನೆಲಮಾಳಿಗೆಯೂ ಸೇರುತ್ತದೆ. ಚಳಿಗಾಲದಲ್ಲಿ ಹಿಮ ಎತ್ತುವುದೂ ನಿಮ್ಮ ಪಾಲಿಗೆ ಬರಬಹುದು. ಸಾಮಾನ್ಯವಾಗಿ ಶನಿವಾರ ಮಾಡುತ್ತಾರೆ. ಭಾನುವಾರಕ್ಕೆ ಮಾತ್ರ ಇಟ್ಟುಕೊಳ್ಳಬೇಡಿ, ಅದು ಇಲ್ಲಿ ಎಲ್ಲರಿಗೂ ವಿಶ್ರಾಂತಿಯ ದಿನ.

ಊರಿಗೆ ಹೋಗುವಾಗ ನಿಮ್ಮ ಸರದಿ ಬಂದರೆ ಪಕ್ಕದ ಮನೆಯವರ ಹತ್ತಿರ ಮೊದಲೇ ಮಾತಾಡಿ ವಾರ ಅದಲುಬದಲು ಮಾಡಿಕೊಳ್ಳಿ. ಖುಷಿಯಿಂದ ಒಪ್ಪುವವರು ಬೇಕಾದಷ್ಟು ಜನ ಇದ್ದಾರೆ. ಕೆಲಸ ಮುಗಿದ ಮೇಲೆ ಬೋರ್ಡನ್ನು ಸುಮ್ನೆ ಪಕ್ಕದ ಬಾಗಿಲಿಗೆ ತಗುಲಿಸಿಬಿಡಬೇಡಿ. ಮೊದಲ ಸಲವಾದರೂ ಬೆಲ್ ಮಾಡಿ, ಹೆಸರು ಹೇಳಿ, ಕೈಗೇ ಕೊಡಿ.