‘ಮ್ಯಾರನ್’ ಸರಣಿಯ ನಾಯಕ ಮತ್ತೆ ಚಟಕ್ಕೆ ಬೀಳುವುದು ಬಲವಂತದ ತಿರುವೇ?

ಅಮೆರಿಕದ ‘ಮ್ಯಾರನ್’ ಟಿವಿ ಸರಣಿಯಲ್ಲಿ ಕಾಣುವುದು ಹಾಸ್ಯಗಾರ ಮಾರ್ಕ್ ಮ್ಯಾರನ್ ಅವರ ನಿಜ ಜೀವನವೇ ಎಂದು ನೀವು ಕೇಳಿದ್ದೀರಿ. ಅದರ ಜೊತೆಗೆ, ವರ್ಷಗಟ್ಟಲೆ ಕುಡಿಯದೆ ಇದ್ದ ಮನುಷ್ಯ ಕೆಲಸ ಕೈಹಿಡಿದ ಹೊತ್ತಿನಲ್ಲೇ ಮತ್ತೆ ಚಟಕ್ಕೆ ಬೀಳುವುದು ಬರಹಗಾರರ ಬಲವಂತದ ತಿರುವಲ್ಲವೇ ಎಂದೂ ಕೇಳಿದ್ದೀರಿ. ಮೊದಲನೆಯದಕ್ಕೆ ನನ್ನ ಉತ್ತರ ಬಹುಮಟ್ಟಿಗೆ ಹೌದು, ಎರಡನೆಯದಕ್ಕೆ ಖಂಡಿತ ಅಲ್ಲ. ತಮಾಷೆಯೆಂದರೆ, ಇಡೀ ಸರಣಿಯಲ್ಲಿ ಅವರ ಬದುಕಿನಲ್ಲಿ ನಡೆಯದೆ ಇದ್ದ ಅತಿ ದೊಡ್ಡ ಸಂಗತಿ ನಿಮಗೆ ಬಲವಂತವೆನಿಸಿದ ಆ ಪತನವೇ. ಗೊಂದಲವಾಗದಿರಲೆಂದು ವ್ಯಕ್ತಿಯನ್ನು ಮ್ಯಾರನ್ ಎಂದೂ ಪಾತ್ರವನ್ನು ಮಾರ್ಕ್ ಎಂದೂ ಬರೆಯುತ್ತೇನೆ.

ಮ್ಯಾರನ್ ಹುಟ್ಟಿದ್ದು 1963ರಲ್ಲಿ ನ್ಯೂಜೆರ್ಸಿಯಲ್ಲಿ, ಬೆಳೆದದ್ದು ಬಹುಪಾಲು ನ್ಯೂ ಮೆಕ್ಸಿಕೊದಲ್ಲಿ. ಕಾಲೇಜು ಮುಗಿಸಿದ ಮೇಲೆ ಲಾಸ್ ಏಂಜಲೀಸ್‌ನ ಕಾಮಿಡಿ ಸ್ಟೋರ್ ಎಂಬ ಕ್ಲಬ್ಬಿನಲ್ಲಿ ಬಾಗಿಲು ಕಾಯುವ ಕೆಲಸಕ್ಕೆ ಸೇರಿದ ಅವರು, ಅಲ್ಲಿ ಸ್ಯಾಮ್ ಕಿನಿಸನ್ ಎಂಬ ಅಬ್ಬರದ ಹಾಸ್ಯಗಾರನ ಸುತ್ತ ಇದ್ದ ಗುಂಪಿಗೆ ಸೇರಿ ಕೊಕೇನಿಗೆ ಬಿದ್ದರು. ಅದನ್ನೂ ಕುಡಿತವನ್ನೂ ಪೂರ್ತಿ ಬಿಟ್ಟದ್ದು 1999ರ ಆಗಸ್ಟ್‌ನಲ್ಲಿ. ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಅದರ ಮುಂದಿನ ಹತ್ತು ವರ್ಷಗಳಲ್ಲಿ. ಕುಡಿತ ಬಿಟ್ಟರೆ ಬದುಕು ತಾನಾಗಿ ನೆಟ್ಟಗಾಗುತ್ತದೆಂದು ನಂಬುವವರು ಆ ಅವಧಿಯನ್ನು ಗಮನಿಸಬೇಕು. ಚಟದಿಂದ ಹೊರಬರಲು ನೆರವಾದ ಹೆಣ್ಣುಮಗಳನ್ನೇ ಅವರು ಎರಡನೆಯ ಮದುವೆಯಾದರು, ಆ ಮದುವೆಯೂ ಮುರಿದುಬಿತ್ತು. ತನ್ನ ಜೊತೆಯಲ್ಲೇ ಆರಂಭಿಸಿದ ಹಾಸ್ಯಗಾರರೆಲ್ಲ ಹೆಸರು ಮಾಡುತ್ತಿದ್ದರೆ ಇವರು ಹೊಟ್ಟೆಕಿಚ್ಚಿನಲ್ಲಿ ಬೇಯುತ್ತಿದ್ದರು. ಕೆಲಸ ಮಾಡುತ್ತಿದ್ದ ಏರ್ ಅಮೆರಿಕ ಎಂಬ ರೇಡಿಯೊ ಜಾಲದಲ್ಲಿ 2009ರ ಹೊತ್ತಿಗೆ ಅವರ ಕಾರ್ಯಕ್ರಮವೂ ನಿಂತುಹೋಯಿತು. ಆಗ ವಯಸ್ಸು ನಲವತ್ತೈದು ದಾಟಿತ್ತು, ಕೈಯಲ್ಲಿ ದುಡ್ಡಿರಲಿಲ್ಲ. ಒಂದು ತೊಟ್ಟು ಮದ್ಯವನ್ನೂ ಮುಟ್ಟದೆ ಮನುಷ್ಯ ಎಷ್ಟು ಕೆಳಕ್ಕೆ ಇಳಿಯಬಹುದೋ ಅಷ್ಟು ಇಳಿದಿದ್ದರು.

ಆ ವರ್ಷದ ಸೆಪ್ಟೆಂಬರ್‌ನಲ್ಲಿ ನಿರ್ಮಾಪಕ ಬ್ರೆಂಡನ್ ಮೆಕ್‌ಡೊನಾಲ್ಡ್ ಜೊತೆ ಸೇರಿ ಅವರು ‘ಡಬ್ಲ್ಯುಟಿಎಫ್’ ಎಂಬ ಪಾಡ್‌ಕಾಸ್ಟ್ ಶುರುಮಾಡಿದರು. ಕೆಲಸ ಹೋದ ಅದೇ ರೇಡಿಯೊ ಸಂಸ್ಥೆಯ ಸ್ಟುಡಿಯೊಗೆ ಕಚೇರಿಯ ವೇಳೆ ಮುಗಿದ ಮೇಲೆ ಕದ್ದುಮುಚ್ಚಿ ನುಸುಳಿ ಮೊದಲ ಕಂತುಗಳನ್ನು ಧ್ವನಿಮುದ್ರಿಸಿಕೊಂಡರು. ಆಮೇಲೆ ಅದು ಲಾಸ್ ಏಂಜಲೀಸ್‌ನ ಹೈಲ್ಯಾಂಡ್ ಪಾರ್ಕ್ ಬಡಾವಣೆಯ ಅವರ ಮನೆಯ ಗ್ಯಾರೇಜಿಗೆ ಬಂತು. ಮೊದಲ ಹತ್ತು-ಹದಿನೈದು ನಿಮಿಷ ಅವರೊಬ್ಬರೇ ತಮ್ಮ ಭಯ, ಸಿಟ್ಟು, ಬೆಕ್ಕುಗಳ ಕಾಯಿಲೆ, ಕುಡಿತ ಬಿಟ್ಟ ಮೇಲಿನ ತಳಮಳ ಎಲ್ಲವನ್ನೂ ತೋಡಿಕೊಳ್ಳುತ್ತಿದ್ದರು, ಆಮೇಲೆ ಅತಿಥಿಯೊಡನೆ ಮಾತು. ಕುಡಿತ ಬಿಡಲು ಬಯಸುವವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದ ಸಭೆಗಳಲ್ಲೂ ನಡೆಯುವುದು ಬಹುಮಟ್ಟಿಗೆ ಇದೇ. ಅಲ್ಲಿ ಉಪದೇಶ ಮಾಡುವವರು ಯಾರೂ ಇರುವುದಿಲ್ಲ, ಒಬ್ಬೊಬ್ಬರೂ ಎದ್ದು ತಮ್ಮದೇ ಕಥೆ ಹೇಳುತ್ತಾರೆ, ಮಿಕ್ಕವರು ಕೇಳುತ್ತಾರೆ. (ಬೆಂಗಳೂರಿನಲ್ಲೂ ಇಂಥ ಸಭೆಗಳು ಕನ್ನಡದಲ್ಲೇ ನಡೆಯುತ್ತವೆ, ಅಲ್ಲಿಗೆ ಹೋಗಿ ಬಂದವರಿಗೆ ಈ ಪಾಡ್‌ಕಾಸ್ಟಿನ ಧಾಟಿ ಹೊಸದೆನಿಸುವುದಿಲ್ಲ.) ಆರಂಭದ ವರ್ಷಗಳ ಅನೇಕ ಸಂದರ್ಶನಗಳಲ್ಲಿ ಮ್ಯಾರನ್ ಮಾಡಿದ್ದು ಹಳೆಯ ಮನಸ್ತಾಪಗಳಿಗೆ ಕ್ಷಮೆ ಕೇಳುವ ಕೆಲಸ. ಎದುರಿಗಿದ್ದವರನ್ನು ‘ನಮ್ಮಿಬ್ಬರ ನಡುವೆ ಎಲ್ಲ ಸರಿಯಾಗಿದೆ ತಾನೆ?’ ಎಂದು ಅವರು ಮತ್ತೆ ಮತ್ತೆ ಕೇಳುತ್ತಿದ್ದರು. 2015ರ ಜೂನ್‌ನಲ್ಲಿ ಅಧ್ಯಕ್ಷ ಬರಾಕ್ ಒಬಾಮಾ ಅದೇ ಗ್ಯಾರೇಜಿಗೆ ಬಂದು ಕುಳಿತಾಗ ಪಕ್ಕದ ಮನೆಯ ಚಾವಣಿಯ ಮೇಲೆ ಬಂದೂಕು ಹಿಡಿದ ಕಾವಲುಗಾರರಿದ್ದರು.

ಐಎಫ್‌ಸಿ ವಾಹಿನಿಯಲ್ಲಿ 2013ರಿಂದ 2016ರವರೆಗೆ ನಾಲ್ಕು ಸೀಸನ್ ಬಂದ ಸರಣಿ ಹುಟ್ಟಿದ್ದು ಈ ಗ್ಯಾರೇಜಿನಿಂದಲೇ. ಪಾಡ್‌ಕಾಸ್ಟ್, ಬೆಕ್ಕುಗಳು, ಮುರಿದ ಮದುವೆಗಳು, ಜಡ್ ಹರ್ಷ್ ಅಭಿನಯಿಸಿರುವ ತಲೆಹರಟೆ ಅಪ್ಪ, ಇವೆಲ್ಲ ಅವರ ಬದುಕಿನಿಂದ ಎತ್ತಿದವು, ಸ್ವಲ್ಪ ಉಪ್ಪುಖಾರ ಬೆರೆಸಿದವು. ಮೊದಲ ಕಂತಿನಲ್ಲೇ ಮಾರ್ಕ್, ತನ್ನನ್ನು ಅಂತರ್ಜಾಲದಲ್ಲಿ ಹೀಯಾಳಿಸಿದ ಯಾವನೋ ಅಪರಿಚಿತನನ್ನು ಮುಖಾಮುಖಿ ವಿಚಾರಿಸಿಕೊಳ್ಳುತ್ತೇನೆಂದು ಹೊರಟು, ತನ್ನ ಪಾಡಿಗೆ ಸಂದರ್ಶನ ಕೊಡಲು ಬಂದಿದ್ದ ನಟ ಡೇವ್ ಫೋಲಿಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತಾನೆ. ನಡುವಯಸ್ಸಿನ ಗಂಡಸಿನ ಅಭದ್ರತೆಯನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸಿದ ಕಂತುಗಳು ಕಡಿಮೆ. ಆದರೆ ಮೊದಲೆರಡು ಸೀಸನ್‌ಗಳಲ್ಲಿ ಅವನ ಬಾಳಿಗೆ ಬಂದುಹೋಗುವ ಹೆಂಗಸರು ಅವನ ಆತಂಕಕ್ಕೆ ಕನ್ನಡಿ ಹಿಡಿಯಲಷ್ಟೇ ಇರುವವರಂತೆ ಕಾಣುತ್ತಾರೆ. ಅವರಿಗೂ ತಮ್ಮದೊಂದು ಬದುಕಿದೆ ಅನಿಸುವುದು ಅಪರೂಪ, ಇದು ಸರಣಿಯ ದೊಡ್ಡ ಕೊರತೆ ಎಂದೇ ನನ್ನ ಎಣಿಕೆ.

ಈಗ ಆ ತಿರುವು. ಮೂರನೆಯ ಸೀಸನ್ನಿನ ಕೊನೆಯ ಹೊತ್ತಿಗೆ ಮಾರ್ಕ್‌ಗೆ ಟಿವಿಯಲ್ಲಿ ಸ್ವಂತ ಕಾರ್ಯಕ್ರಮ ಸಿಕ್ಕಿರುತ್ತದೆ, ಬೆನ್ನುನೋವೂ ಹಿಡಿದಿರುತ್ತದೆ. ಅವನನ್ನು ಕೆಡವುವುದು ಬಾಟಲಿಯಲ್ಲ, ನೋವಿನ ಮಾತ್ರೆ. ಇದು ಕಥೆಗಾಗಿ ಹುಡುಕಿದ ನೆಪವೆಂದು ತಿಳಿಯಬೇಡಿ. 1996ರಲ್ಲಿ ಮಾರುಕಟ್ಟೆಗೆ ಬಂದ ಆಕ್ಸಿಕಾಂಟಿನ್‌ನಂಥ ಅಫೀಮು ವರ್ಗದ ಮಾತ್ರೆಗಳು ಅಮೆರಿಕದಲ್ಲಿ ಲಕ್ಷಾಂತರ ಜನರನ್ನು ಹಿಡಿದದ್ದು ಔಷಧಿಯ ರೂಪದಲ್ಲೇ. ಕುಡಿತ ಬಿಟ್ಟವನು ಬಾರಿನ ಬಾಗಿಲಲ್ಲಿ ಎಚ್ಚರವಾಗಿರುತ್ತಾನೆ, ಆದರೆ ಔಷಧಿಯ ಚೀಟಿಯ ಮುಂದೆ ಆ ಎಚ್ಚರ ಸಡಿಲವಾಗುತ್ತದೆ, ಏಕೆಂದರೆ ನೋವು ನಿಜವಾಗಿಯೂ ಇರುತ್ತದೆ ಮತ್ತು ಒಂದು ಮಾತ್ರೆಯಿಂದ ಎರಡಕ್ಕೆ ಹೋದದ್ದನ್ನು ಯಾರಿಗೂ ಹೇಳಬೇಕಾಗಿರುವುದಿಲ್ಲ. ಯಶಸ್ಸಿನ ಹೊತ್ತಿನಲ್ಲೇ ಯಾಕೆ ಎಂದು ನೀವು ಕೇಳಿದ್ದೀರಿ. ಅಲ್ಲಿಯವರೆಗೆ ಅವನ ಆತಂಕಕ್ಕೆ ‘ನನಗೆ ಸಿಗಬೇಕಾದ್ದು ಸಿಗಲಿಲ್ಲ’ ಎಂಬ ಒಂದು ವಿವರಣೆಯಾದರೂ ಇತ್ತು. ಸಿಕ್ಕ ಮೇಲೂ ಆತಂಕ ಹೋಗದೆ ಇದ್ದಾಗ ಆ ವಿವರಣೆಯೂ ಕೈಬಿಡುತ್ತದೆ, ಮಾತ್ರೆ ಮಾತ್ರ ಉಳಿಯುತ್ತದೆ. ನಾಲ್ಕನೆಯ ಸೀಸನ್ ಆರಂಭವಾಗುವಾಗ ಮನೆ ಕಳೆದುಕೊಂಡ ಮಾರ್ಕ್, ಜನ ಹಳೆಯ ಸಾಮಾನು ತುಂಬಿಡುವ ಬಾಡಿಗೆಯ ಗೋದಾಮಿನ ಖಾನೆಯೊಂದರಲ್ಲಿ ವಾಸವಾಗಿರುತ್ತಾನೆ. ಚಿಕಿತ್ಸಾ ಕೇಂದ್ರಕ್ಕೆ ಹೋಗುವುದು ಅದರ ನಂತರ.

ಮ್ಯಾರನ್ ತಾವು ಅತಿಯಾಗಿ ಹೆದರುವ ಸಂಗತಿಯನ್ನೇ ತಮ್ಮ ಹೆಸರಿನ ಪಾತ್ರದ ಮೇಲೆ ಹೇರಿ ನೋಡಿದರು ಎಂದು ನಾನು ತಿಳಿಯುತ್ತೇನೆ. ಅವರ ಸ್ವಂತ ವ್ಯಸನವೂ ಪೂರ್ತಿ ಮಾಯವಾಗಿರಲಿಲ್ಲ, ಬಾಯಲ್ಲಿಡುವ ನಿಕೋಟಿನ್ ಮಾತ್ರೆಗಳಿಗೆ ಅಂಟಿಕೊಂಡಿರುವುದನ್ನು ಅವರೇ ಗೊಣಗಿಕೊಂಡು ಹೇಳುತ್ತಿದ್ದರು. ನಿಜವಾದ ಪರೀಕ್ಷೆ ಬಂದದ್ದು ಸರಣಿ ಮುಗಿದು ನಾಲ್ಕು ವರ್ಷಗಳಾದ ಮೇಲೆ. ಅವರ ಸಂಗಾತಿಯಾಗಿದ್ದ, ಇದೇ ಸರಣಿಯ ಕೆಲವು ಕಂತುಗಳನ್ನೂ ನಿರ್ದೇಶಿಸಿದ್ದ ಲಿನ್ ಶೆಲ್ಟನ್ 2020ರ ಮೇ 16ರಂದು, ಯಾರಿಗೂ ಗೊತ್ತಾಗದೆ ಇದ್ದ ರಕ್ತ ಕ್ಯಾನ್ಸರಿನಿಂದ, ಕೋವಿಡ್‌ನ ಗೃಹಬಂಧನದ ದಿನಗಳಲ್ಲಿ ತೀರಿಕೊಂಡರು. ಎರಡೇ ದಿನಗಳ ಬಳಿಕ, ಸೋಮವಾರದ ಕಂತಿನಲ್ಲಿ, ಮ್ಯಾರನ್ ಅಳುತ್ತಲೇ ಆಕೆಯ ಬಗ್ಗೆ ಮಾತನಾಡಿ, ಹಿಂದೆ ಆಕೆಯೊಡನೆ ನಡೆಸಿದ್ದ ಸಂದರ್ಶನವನ್ನು ಮತ್ತೆ ಕೇಳಿಸಿದರು. ಪಾತ್ರ ಕುಸಿದ ಜಾಗದಲ್ಲಿ ವ್ಯಕ್ತಿ ಕುಸಿಯಲಿಲ್ಲ, ಮತ್ತೆ ಕುಡಿಯಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಒಬಾಮಾ ಅವರನ್ನೇ ಮತ್ತೊಮ್ಮೆ ಅತಿಥಿಯಾಗಿಸಿ ಪಾಡ್‌ಕಾಸ್ಟ್ ನಿಲ್ಲಿಸುವ ಹೊತ್ತಿಗೆ 1,600ಕ್ಕೂ ಹೆಚ್ಚು ಕಂತುಗಳಾಗಿದ್ದವು.

ನೋಡುವ ಕ್ರಮದ ಬಗ್ಗೆಯೂ ಹೇಳಿಬಿಡುತ್ತೇನೆ. ಮೂರನೆಯ ಸೀಸನ್ನಿನ ಕೊನೆಗೆ ಬೇಸತ್ತು ಬಿಟ್ಟಿದ್ದರೆ ನಾಲ್ಕನ್ನು ಖಂಡಿತ ನೋಡಿ; ನಗು ಕಡಿಮೆ, ಬರವಣಿಗೆ ಬಹಳ ಗಟ್ಟಿ. ಮೊದಲೆರಡನ್ನು ನೀವು ಇನ್ನೂ ಪೂರ್ತಿ ನೋಡಿಲ್ಲದಿದ್ದರೆ ಎಲ್ಲ ಕಂತುಗಳೂ ಬೇಕಿಲ್ಲ. ಅಪ್ಪ ಬರುವ ಕಂತುಗಳನ್ನು ಮಾತ್ರ ತಪ್ಪಿಸಬೇಡಿ.