ಭೂಮಿಗೆ ಮರಳುವ ಗಗನನೌಕೆಯ ಮುಂಭಾಗ ಚೂಪಾಗಿರದೆ ಮೊಂಡಾಗಿರುವುದೇಕೆ?

ಮೊಂಡು ಮುಖವು ಬಿಸಿಯ ಬಹುಪಾಲನ್ನು ನೌಕೆಯ ಮೈಗೆ ತಾಗಗೊಡದೆ ಗಾಳಿಯಲ್ಲೇ ಉಳಿಸುತ್ತದೆ ಎಂಬುದೇ ಕಾರಣ. ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್ ವೇಗದಲ್ಲಿ ನುಗ್ಗುವ ನೌಕೆಗೆ ದಾರಿ ಬಿಡಲು ಎದುರಿನ ಗಾಳಿಗೆ ಸಮಯವೇ ಸಿಗದೆ, ಅದು ಒತ್ತಿಹೋಗಿ ಸಾವಿರಾರು ಡಿಗ್ರಿಗೆ ಕಾಯುತ್ತದೆ. ಎಲ್ಲರೂ ಹೇಳುವಂತೆ ಬರೀ ಉಜ್ಜುವಿಕೆಯಿಂದಲ್ಲ. ಮಳೆಗಾಲದಲ್ಲಿ ಶಿವಮೊಗ್ಗದ ಕೋರ್ಪಲಯ್ಯ ಛತ್ರದ ಮಂಟಪಕ್ಕೆ ಎದುರಾಗುವ ತುಂಗೆಯ ಕೆನ್ನೀರು ಕಲ್ಲುಕಂಬದ ಮುಂದೆಯೇ ಉಬ್ಬಿ ಇಬ್ಬದಿಗೆ ಸರಿಯುವಂತೆ, ಮೊಂಡು ಮುಖದ ಮುಂದೆ ಆಘಾತ ತರಂಗ, ಅಂದರೆ ಗಾಳಿ ಒಮ್ಮೆಲೇ ಒತ್ತಿಹೋಗುವ ತೆಳುವಾದ ಗೋಡೆ, ತುಸು ದೂರದಲ್ಲೇ ನಿಲ್ಲುತ್ತದೆ. ಕಾದ ಗಾಳಿ ಪಕ್ಕಕ್ಕೆ ಹರಿದುಹೋಗುತ್ತದೆ. ಚೂಪು ಮೂತಿಯಾದರೆ ಆ ಗೋಡೆ ತುದಿಗೇ ಅಂಟಿಕೊಂಡು ಅದನ್ನು ಕರಗಿಸೀತು. 1950ರ ದಶಕದ ಆರಂಭದಲ್ಲಿ ಇದನ್ನು ತೋರಿಸಿಕೊಟ್ಟವರು ಅಮೆರಿಕದ ಜೂಲಿಯನ್ ಅಲೆನ್. ಆದರೂ ಮೈಗೆ ತಲುಪುವ ಅಲ್ಪಭಾಗವೇ ಸಾಕಷ್ಟು ಉಗ್ರವಾದ್ದರಿಂದ ಶಾಖಕವಚ ಬೇಕೇ ಬೇಕು.